ಒಂದೇ ಬೀಡ್ ಕಿಟ್, 72 ಸ್ಯಾಂಪಲ್: ಕಿಟ್ ಅರ್ಧ ಮಾಡಿ ಬಳಸಬಹುದಾ?

ಪಿಪೆಟ್_ಪುಟ್ಟಿ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇದೇ ತಲೆನೋವು. ಲ್ಯಾಬ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನನ್ನದು ಡೆಂಗಿ ರೋಗಿಗಳ ಸೀರಮ್‌ನಲ್ಲಿ ಸೈಟೋಕೈನ್ (ರೋಗನಿರೋಧಕ ಕೋಶಗಳ ಸಂದೇಶ ಪ್ರೋಟೀನ್) ಅಳೆಯುವ ಕೆಲಸ. ಐಎಲ್-6, ಐಎಲ್-10, ಟಿಎನ್‌ಎಫ್, ಹೀಗೆ ಒಟ್ಟು ಹತ್ತು. ಲ್ಯೂಮಿನೆಕ್ಸ್ ಮೆಷಿನ್‌ಗೆ ಹೊಂದುವ ಮ್ಯಾಗ್ನೆಟಿಕ್ ಬೀಡ್ ಕಿಟ್, ಅಂದರೆ ಪುಟ್ಟ ಮಣಿಗಳ ಮೇಲೆ ಸೈಟೋಕೈನ್ ಹಿಡಿದು ಅಳೆಯುವಂಥದ್ದು, 96 ವೆಲ್ (ಪ್ಲೇಟ್‌ನ ಗುಳಿ) ಇರುವುದು. ಪ್ರಾಜೆಕ್ಟ್ ದುಡ್ಡಲ್ಲಿ ಒಂದೇ ಒಂದು ಕಿಟ್ ಬಂದಿದೆ. ಇನ್ನೊಂದು ಬರುವ ಲಕ್ಷಣ ಇಲ್ಲ.

ರೋಗಿಗಳು 48, ಆರೋಗ್ಯವಂತರು 24, ಒಟ್ಟು 72. ಕಿಟ್ ಪುಸ್ತಕದ ಪ್ರಕಾರ ಎಲ್ಲಾ ಡೂಪ್ಲಿಕೇಟ್, ಅಂದರೆ ಒಂದೊಂದಕ್ಕೂ ಎರಡು ವೆಲ್. ಸ್ಟ್ಯಾಂಡರ್ಡ್ (ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ) 7 ಹಂತ, ಒಂದು ಬ್ಲ್ಯಾಂಕ್, ಎರಡು ಕಂಟ್ರೋಲ್, ಇವೆಲ್ಲ ಎರಡೆರಡು ವೆಲ್ ಅಂದರೆ 20 ವೆಲ್ ಅಲ್ಲೇ ಹೋಯಿತು. ಉಳಿದದ್ದು 76. ಅಂದರೆ 38 ಸ್ಯಾಂಪಲ್. ನನಗೆ ಬೇಕಾದ್ದು ಹೆಚ್ಚುಕಮ್ಮಿ ಅದರ ಎರಡರಷ್ಟು.

ಮಾರುವವರಿಗೆ ಫೋನ್ ಮಾಡಿ ಅರ್ಧ ಮಾಡಿ ಬಳಸಿದರೆ ಆಗುತ್ತಾ ಅಂತ ಕೇಳಿದೆ. "ಇನ್ನೊಂದು ಕಿಟ್ ಆರ್ಡರ್ ಮಾಡಿ ಮೇಡಂ" ಅಂದರು. ಅದು ನನಗೂ ಗೊತ್ತಿತ್ತು.

ನನ್ನ ತಲೆಯಲ್ಲಿ ಮೂರು ದಾರಿ ಇವೆ. ಈಗ 48 ರೋಗಿಗಳ ಸೀರಮ್ ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ರೆಡಿ ಇದೆ, ಆರೋಗ್ಯವಂತರದ್ದು ಇನ್ನೂ ಹತ್ತು ಜನರದ್ದು ಬರಬೇಕು. ಆದ್ದರಿಂದ ಅರ್ಧ ಪ್ಲೇಟ್ ಈಗ ರೋಗಿಗಳಿಗೆ, ಇನ್ನರ್ಧ ಮುಂದಿನ ತಿಂಗಳು ಆರೋಗ್ಯವಂತರಿಗೆ. ಇಲ್ಲವಾದರೆ ಎಲ್ಲಾ ರೀಏಜೆಂಟ್ ಅರ್ಧರ್ಧ ಹಾಕಿ ಒಂದು ಕಿಟ್‌ನಲ್ಲಿ ಎರಡು ಪ್ಲೇಟ್. ಅದೂ ಬೇಡವೆಂದರೆ ಡೂಪ್ಲಿಕೇಟ್ ಬಿಟ್ಟು ಒಂದೊಂದೇ ವೆಲ್. ಯಾರಾದರೂ ಕೈಯಾರೆ ಮಾಡಿದವರು ಇದ್ದರೆ ಹೇಳಿ ಪ್ಲೀಸ್. ಮೆಷಿನ್ ಬೇರೆ ನಮ್ಮಲ್ಲಿ ಇಲ್ಲ, ಬಸ್ಸಲ್ಲಿ ಒಂದೂವರೆ ಗಂಟೆ ದೂರದ ಇನ್ನೊಂದು ಸಂಸ್ಥೆಯಲ್ಲಿದೆ. ಎರಡನೇ ಸಲ ಹೋಗುವ ಧೈರ್ಯ ಇಲ್ಲ.


ಹಳೇ_ಟೆಕ್ನಿಷಿಯನ್:

ಮೊದಲನೇ ದಾರಿ ಈಗಲೇ ಮರೆತುಬಿಡಿ. ರೋಗಿಗಳನ್ನು ಒಂದು ದಿನ, ಆರೋಗ್ಯವಂತರನ್ನು ಇನ್ನೊಂದು ದಿನ ಓಡಿಸಿದರೆ ನಿಮಗೆ ಸಿಗುವ ವ್ಯತ್ಯಾಸ ಡೆಂಗಿಯದ್ದೋ ದಿನದ್ದೋ ಅಂತ ದೇವರಿಗೂ ಗೊತ್ತಾಗುವುದಿಲ್ಲ. ಆ ದಿನ ಎಸಿ ಕೆಟ್ಟಿತ್ತು, ಶೇಕರ್ ನಿಧಾನ ಇತ್ತು, ಲೇಸರ್ ಕ್ಯಾಲಿಬ್ರೇಷನ್ ಸ್ವಲ್ಪ ಆಚೀಚೆ ಆಗಿತ್ತು, ಎಲ್ಲಾ ಸೇರಿ ಒಂದು ಚಂದದ ಪಿ ವ್ಯಾಲ್ಯೂ ಕೊಡುತ್ತದೆ. ಅದನ್ನು ನಂಬಿ ಪೇಪರ್ ಬರೆದವರನ್ನು ನಾನು ನೋಡಿದ್ದೇನೆ.

ಇನ್ನೊಂದು ವಿಷಯ. ದಿನ ಒಡೆದರೆ ಸ್ಟ್ಯಾಂಡರ್ಡ್ ಎರಡು ಸಲ ಹಾಕಬೇಕು. ಮೊದಲ ದಿನದ ಕರ್ವ್ (ಹೊಳಪಿನಿಂದ ಪ್ರಮಾಣ ಲೆಕ್ಕ ಹಾಕುವ ಗೆರೆ) ಎರಡನೇ ದಿನಕ್ಕೆ ಬರುವುದಿಲ್ಲ. ಲೆಕ್ಕ ಹಾಕಿ ನೋಡಿ. 48 ವೆಲ್‌ನಲ್ಲಿ 20 ತೆಗೆದರೆ 28, ಅಂದರೆ 14 ಸ್ಯಾಂಪಲ್. ಎರಡು ದಿನಕ್ಕೆ 28. ಒಂದೇ ದಿನ ಮಾಡಿದ್ದರೆ 38 ಆಗುತ್ತಿತ್ತು. ಉಳಿಸಲು ಹೋಗಿ ಹತ್ತು ಸ್ಯಾಂಪಲ್ ಕಳೆದುಕೊಂಡಿರಿ. ಜೊತೆಗೆ ಪುಡಿ ರೂಪದ ಸ್ಟ್ಯಾಂಡರ್ಡ್ ಒಮ್ಮೆ ನೀರು ಕಂಡ ಮೇಲೆ ತಿಂಗಳು ಕಾಯಿಸುವಂಥದ್ದಲ್ಲ. ಬೀಡ್ ಮತ್ತು ಪಿಇ (ಹೊಳೆಯುವ ಬಣ್ಣ) ಫ್ರೀಜರ್‌ಗೆ ಹಾಕುವ ಹಾಗೇ ಇಲ್ಲ.

ನನ್ನ ಮತ ಮೂರನೇ ದಾರಿಗೆ. ಪೂರ್ತಿ ವಾಲ್ಯೂಮ್, ಒಂದೊಂದೇ ವೆಲ್. 76 ವೆಲ್ ಇದೆ, 72 ಸ್ಯಾಂಪಲ್ ಇದೆ, ಮುಗಿಯಿತು. ಒಂದು ವೆಲ್ ಒಳಗೇ ಮೆಷಿನ್ ಪ್ರತಿ ಸೈಟೋಕೈನ್‌ಗೆ 50 ಬೀಡಾದರೂ ಓದಿ ಮೀಡಿಯನ್ ಕೊಡುತ್ತದಲ್ಲ, ಅದು ಐವತ್ತು ಸಲ ಅಳೆದ ಹಾಗೆಯೇ. ಹೊಸಬರ ಕೈಗೆ 50ರ ಅರ್ಧ, 25 ಮೈಕ್ರೋಲೀಟರ್ ಆಟ ಬೇಡ.


ಕರಾವಳಿ_ಲ್ಯಾಬ್:

ಮೇಲಿನವರು ದಿನದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಐವತ್ತು ಬೀಡ್ ಅಂದರೆ ಐವತ್ತು ಸಲ ಅಳೆದ ಹಾಗೆ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಐವತ್ತೂ ಬೀಡ್ ಒಂದೇ ವೆಲ್‌ನಲ್ಲಿ ಕೂತಿವೆ, ಒಂದೇ ಸೀರಮ್ ಕುಡಿದಿವೆ. ನೀವು ಆ ವೆಲ್‌ಗೆ 50ರ ಬದಲು 40 ಮೈಕ್ರೋಲೀಟರ್ ಹಾಕಿದ್ದರೆ ಐವತ್ತೂ ಸೇರಿ ಒಂದೇ ಸುಳ್ಳನ್ನು ಹೇಳುತ್ತವೆ. ಡೂಪ್ಲಿಕೇಟ್ ಇರುವುದೇ ಕೈ ತಪ್ಪನ್ನು ಹಿಡಿಯಲು.

ಆದ್ದರಿಂದ ನನ್ನ ಮತ ಅರ್ಧ ವಾಲ್ಯೂಮ್‌ಗೆ. ನಾವು ಮೂರು ವರ್ಷದಿಂದ ಹಾಗೇ ಮಾಡುತ್ತಿದ್ದೇವೆ. ಎರಡು ಪ್ಲೇಟ್, ಒಂದೇ ದಿನ, ಒಂದೇ ಸ್ಟ್ಯಾಂಡರ್ಡ್ ಸರಣಿ ಎರಡೂ ಪ್ಲೇಟ್‌ಗೆ. ಒಂದು ಹಂತಕ್ಕೆ ಮೊದಲು 50ರ ಎರಡು ವೆಲ್ ಬೇಕಿತ್ತು, ಈಗ 25ರ ನಾಲ್ಕು ವೆಲ್. ಎರಡೂ 100 ಮೈಕ್ರೋಲೀಟರ್ರೇ. ಒಂದು ಹನಿ ಸ್ಟ್ಯಾಂಡರ್ಡ್ ಕೂಡ ಜಾಸ್ತಿ ಬೇಡ. ಪ್ರತಿ ಪ್ಲೇಟ್‌ನಲ್ಲಿ 38 ಸ್ಯಾಂಪಲ್ ಡೂಪ್ಲಿಕೇಟ್ ಹಿಡಿಯುತ್ತದೆ. ನಿಮ್ಮ 72ರಲ್ಲಿ 36 ಇಲ್ಲಿ, 36 ಅಲ್ಲಿ. ಉಳಿದ ಎರಡೆರಡು ಜಾಗಕ್ಕೆ ಅದೇ ಎರಡು ಸೀರಮ್ ಎರಡೂ ಪ್ಲೇಟ್‌ನಲ್ಲಿ ಹಾಕಿ. ಅವು ಸೇತುವೆ ಇದ್ದ ಹಾಗೆ. ಎರಡೂ ಕಡೆ ಹತ್ತಿರ ಹತ್ತಿರ ಬಂದರೆ ಪ್ಲೇಟ್‌ಗಳು ಮಾತಾಡಿಕೊಳ್ಳುತ್ತಿವೆ ಅಂತ ಅರ್ಥ. ಮತ್ತೆ, ಪ್ರತಿ ಪ್ಲೇಟ್‌ನಲ್ಲಿ 24 ರೋಗಿ, 12 ಆರೋಗ್ಯವಂತರು ಬರಲಿ. ಆ ಹತ್ತು ಜನರ ರಕ್ತ ಬರುವವರೆಗೆ ಸುಮ್ನೆ ಕಾಯಿರಿ, ಎಕ್ಸ್‌ಪೈರಿ ದಿನ ಒಮ್ಮೆ ನೋಡಿಕೊಂಡು.

ಬೀಡ್ ಸಾಲುತ್ತಾ ಅಂತ ಹೆದರಿಕೆ ಬೇಡ. ನಾವೇ ಬೀಡ್ ತಯಾರಿಸುವಾಗ ವೆಲ್‌ಗೆ ಪ್ರತಿ ಬಗೆಯದ್ದು ಸುಮಾರು 2,500 ಹಾಕುವುದು ರೂಢಿ. ಅರ್ಧ ಅಂದರೆ 1,250. ತೊಳೆಯುವಾಗ ಅರ್ಧ ಹೋಯಿತು ಅಂತಲೇ ಇಟ್ಟುಕೊಳ್ಳಿ, 600 ಚಿಲ್ಲರೆ ಉಳಿಯಿತು. ಮೆಷಿನ್‌ಗೆ ಬೇಕಾದ್ದು 50.

ತೊಂದರೆ ಬರುವುದು ಹಂಚುವಾಗ. ಇದು ನನ್ನ ಸ್ವಂತ ಕಥೆ. ಮೊದಲ ಸಲ ಬೀಡನ್ನು ಚೆನ್ನಾಗಿ ವೋರ್ಟೆಕ್ಸ್ ಮಾಡಿ (ಮೆಷಿನ್‌ನಲ್ಲಿ ಕದಡಿ), ಉದ್ದನೆಯ ಪ್ಲಾಸ್ಟಿಕ್ ತೊಟ್ಟಿಗೆ ಸುರಿದು, ಎಂಟು ತುದಿಯ ಪಿಪೆಟ್‌ನಲ್ಲಿ ಒಂದನೇ ಸಾಲಿನಿಂದ ಶುರು ಮಾಡಿದೆ. ಮಧ್ಯದಲ್ಲಿ ಯಾರೋ ಕರೆದರು, ಐದು ನಿಮಿಷ ಮಾತಾಡಿ ಬಂದು ಉಳಿದ ಸಾಲು ಮುಗಿಸಿದೆ. ರಿಸಲ್ಟ್ ನೋಡಿದರೆ ಒಂದನೇ ಸಾಲಿನಲ್ಲಿ ಬೀಡ್ ತುಂಬಿ ತುಳುಕುತ್ತಿವೆ, ಹನ್ನೆರಡನೇ ಸಾಲಿನಲ್ಲಿ 20, 30. ಬೀಡ್ ಅಂದರೆ ಆರೂವರೆ ಮೈಕ್ರಾನ್ ಗಾತ್ರದ ಪಾಲಿಸ್ಟೈರೀನ್, ಒಳಗೆ ಕಬ್ಬಿಣದ ಅಂಶ ಬೇರೆ. ನಿಂತ ನೀರಲ್ಲಿ ನಿಲ್ಲುತ್ತಾ? ತಳಕ್ಕೆ ಹೋಗಿ ಕೂತಿದ್ದವು. ಬೆಳಕಿಗೆ ತೊಟ್ಟಿ ಎತ್ತಿ ಹಿಡಿದರೆ ತಳದಲ್ಲಿ ತೆಳ್ಳಗೆ ಕಂದು ಬಣ್ಣದ ಗೆರೆ, ಕಾಫಿ ಲೋಟದ ತಳದ ಗಸಿಯ ಹಾಗೆ. ನಮ್ಮ ಮನೆಯ ಚೆನ್ನೆಮಣೆಯಲ್ಲಿ ಗುಳಿಗೆ ನಾಲ್ಕು ಕಾಳು ಅಂದರೆ ಎಣಿಸಿ ನಾಲ್ಕೇ ಹಾಕುತ್ತಿದ್ದೆವು. ಇಲ್ಲಿ ಎಣಿಸಲು ಆಗುವುದಿಲ್ಲ, ಅದಕ್ಕೆ ಕದಡುತ್ತಲೇ ಇರಬೇಕು.

ಈಗ ತೊಟ್ಟಿ ಬಳಸುವುದೇ ಬಿಟ್ಟೆ. ಬೀಡನ್ನು ಅರ್ಧ ನಿಮಿಷ ವೋರ್ಟೆಕ್ಸ್, ಸೋನಿಕೇಟರ್ ತೊಟ್ಟಿಯಲ್ಲಿ ಅರ್ಧ ನಿಮಿಷ, ಮತ್ತೆ ವೋರ್ಟೆಕ್ಸ್. ಎಂಟು ಟ್ಯೂಬ್‌ನ ಪಟ್ಟಿಗೆ ಹಂಚಿ, ಪ್ರತಿ ಎರಡು ಸಾಲಿಗೊಮ್ಮೆ ಪಿಪೆಟ್‌ನಲ್ಲೇ ಮೇಲೆ ಕೆಳಗೆ ಮಾಡಿ ಹಾಕುತ್ತೇನೆ. ಫೋನ್ ಸೈಲೆಂಟ್.


ಪಿಪೆಟ್_ಪುಟ್ಟಿ:

ಅಬ್ಬಾ, ಇಷ್ಟು ಬೇಗ ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮೊದಲನೇ ದಾರಿ ಬಿಟ್ಟೆ, ಓದಿ ನಾಚಿಕೆಯೇ ಆಯಿತು. ಚೆನ್ನೆಮಣೆಗೆ ನಮ್ಮ ಕಡೆ ಅಳಗುಳಿ ಮಣೆ ಅಂತಾರೆ, ಅಜ್ಜಿ ಹತ್ತಿರ ಇನ್ನೂ ಇದೆ.

ಒಂದು ಅರ್ಥ ಆಗಲಿಲ್ಲ. ಕೆಲವು ವೆಲ್‌ನಲ್ಲಿ 600 ಬೀಡ್, ಕೆಲವದರಲ್ಲಿ 100 ಇದ್ದರೆ ಉತ್ತರ ಬದಲಾಗುವುದಿಲ್ವಾ? ಎಲೈಸಾದಲ್ಲಿ (ಒಂದೊಂದೇ ಪ್ರೋಟೀನ್ ಬಣ್ಣದಿಂದ ಅಳೆಯುವ ಟೆಸ್ಟ್) ಆಂಟಿಬಾಡಿ ಕಮ್ಮಿ ಆದರೆ ಬಣ್ಣ ಕಮ್ಮಿ ಆಗುತ್ತದಲ್ಲ.


ಕಸಿ_ಲ್ಯಾಬ್:

ಒಳ್ಳೆ ಪ್ರಶ್ನೆ. ಎಲ್ಲರೂ ಇದನ್ನು ಹಾರಿ ಹೋಗುತ್ತಾರೆ.

ಎಲೈಸಾದಲ್ಲಿ ಇಡೀ ವೆಲ್‌ನ ಬಣ್ಣ ಓದುತ್ತೇವೆ. ಬೀಡ್‌ನಲ್ಲಿ ಒಂದೊಂದು ಬೀಡ್ ಎಷ್ಟು ಹೊಳೆಯುತ್ತದೆ ಅಂತ ಓದುತ್ತೇವೆ. ಕೆಂಪು ಬೆಳಕು ಬೀಡ್‌ನ ಒಳಗಿನ ಬಣ್ಣ ನೋಡಿ "ಇದು ಐಎಲ್-6ದು" ಅಂತ ಗುರುತು ಹಿಡಿಯುತ್ತದೆ, ಹಸಿರು ಬೆಳಕು ಮೇಲಿನ ಪಿಇ ಹೊಳಪು ಅಳೆಯುತ್ತದೆ. ಎಷ್ಟು ಬೀಡ್ ಇವೆ ಅನ್ನುವುದು ಲೆಕ್ಕಕ್ಕೆ ನೇರವಾಗಿ ಬರುವುದಿಲ್ಲ. ಸೀರಮ್‌ನಲ್ಲಿ ಐಎಲ್-6 ಧಾರಾಳ ಇದ್ದು, ಬೀಡ್‌ಗಳು ಅದರಲ್ಲಿ ಚಿಟಿಕೆಯಷ್ಟನ್ನೇ ಹಿಡಿಯುತ್ತಿದ್ದರೆ, ಬೀಡ್ 100 ಇರಲಿ 600 ಇರಲಿ ಪ್ರತಿಯೊಂದರ ಹೊಳಪು ಒಂದೇ. 1980ರ ದಶಕದಲ್ಲಿ ರೋಜರ್ ಎಕಿನ್ಸ್ ಅಂತ ಇಂಗ್ಲೆಂಡಿನ ವಿಜ್ಞಾನಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಹಿಡಿಯುವ ಜಾಗ ತುಂಬಾ ಕಡಿಮೆ ಇಟ್ಟರೆ ದ್ರವದಲ್ಲಿರುವ ಸಾಂದ್ರತೆ ಬದಲಾಗದೆ ಉಳಿಯುತ್ತದೆ, ಅದರಿಂದ ಅಳತೆ ಸೂಕ್ಷ್ಮವೂ ಆಗುತ್ತದೆ ಅಂತ.

ಆದರೆ ಇದು ಯಾವಾಗಲೂ ನಿಜ ಅಲ್ಲ. ಹಿಡಿಯಬೇಕಾದ್ದು ತೀರಾ ಕಮ್ಮಿ ಇದ್ದು, ಬೀಡ್ ಜಾಸ್ತಿ ಇದ್ದರೆ ಬೀಡ್‌ಗಳು ಹಂಚಿಕೊಂಡು ತಿನ್ನಬೇಕಾಗುತ್ತದೆ. ಆಗ ಬೀಡ್ ಕಮ್ಮಿ ಮಾಡಿದರೆ ಪ್ರತಿಯೊಂದಕ್ಕೆ ಪಾಲು ಜಾಸ್ತಿ, ಹೊಳಪು ಏರುತ್ತದೆ. ನಿಮ್ಮ ಕೆಲಸದಲ್ಲಿ ಇದು ದೊಡ್ಡ ವಿಷಯ ಅಲ್ಲ. ಯಾಕೆಂದರೆ ನೀವು ಬೀಡೂ ಅರ್ಧ, ಸೀರಮೂ ಅರ್ಧ ಮಾಡುತ್ತಿದ್ದೀರಿ, ಅನುಪಾತ ಹಾಗೇ ಉಳಿಯಿತು. ಸ್ಟ್ಯಾಂಡರ್ಡ್‌ಗೂ ಅದೇ ಉಪಚಾರ. ಸ್ಯಾಂಪಲ್‌ಗೆ ಏನಾಯಿತೋ ಕರ್ವ್‌ಗೂ ಅದೇ ಆಯಿತು, ತಪ್ಪು ತಪ್ಪನ್ನು ಕಳೆಯಿತು.

ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ನಾನು ಮೂತ್ರಪಿಂಡ ಕಸಿಗೆ ಮುಂಚೆ ಎಚ್‌ಎಲ್‌ಎ (ಕೋಶದ ಮೇಲಿನ ಗುರುತಿನ ಪ್ರೋಟೀನ್) ವಿರುದ್ಧದ ಆಂಟಿಬಾಡಿ ನೋಡುವ ಲ್ಯಾಬ್‌ನಲ್ಲಿದ್ದೇನೆ. ಅಲ್ಲೂ ಬೀಡೇ. ಒಂದೊಂದು ಬೀಡ್ ಮೇಲೆ ಒಂದೊಂದು ಎಚ್‌ಎಲ್‌ಎ, ರೋಗಿಯ ಸೀರಮ್‌ನಲ್ಲಿ ಯಾವುದರ ವಿರುದ್ಧ ಆಂಟಿಬಾಡಿ ಇದೆ ಅಂತ ನೋಡುವುದು. ಆ ಕಿಟ್ ಬೆಲೆ ಕೇಳಿದರೆ ನಿಮ್ಮ ಕಿಟ್ ಅಗ್ಗ ಅನಿಸುತ್ತದೆ. ಅಲ್ಲೂ ಬೀಡ್ ಅರ್ಧ ಮಾಡಿ ಉಳಿಸುವ ಆಸೆ ಎಲ್ಲರಿಗೂ ಇದೆ. ಆದರೆ ಅಲ್ಲಿ ಸ್ಟ್ಯಾಂಡರ್ಡ್ ಕರ್ವ್ ಇಲ್ಲ. ಬಂದ ಹೊಳಪಿನ ಅಂಕಿಯೇ ಉತ್ತರ. ಆ ಅಂಕಿ ನೋಡಿಯೇ ಡಾಕ್ಟರು ಈ ದಾನಿಯ ಕಿಡ್ನಿ ಆಗುತ್ತದೆ, ಆಗುವುದಿಲ್ಲ ಅನ್ನುತ್ತಾರೆ. ಬೀಡ್ ಮಾತ್ರ ಅರ್ಧ ಮಾಡಿ ಸೀರಮ್ ಹಾಗೇ ಬಿಟ್ಟರೆ ಅಂಕಿ ಏರಬಹುದು. ನಿನ್ನೆ ನೆಗೆಟಿವ್ ಆಗಿದ್ದವರು ಇವತ್ತು ಪಾಸಿಟಿವ್. ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾದವರಿಗೆ ಅದು ಆಟ ಅಲ್ಲ. ನಾವು ವಾಲ್ಯೂಮ್ ಬದಲಿಸಬೇಕಾದರೆ ಹಳೇ ರೋಗಿಗಳ ಸೀರಮ್ ಹತ್ತಾರು ತೆಗೆದು, ಪೂರ್ತಿ ಮತ್ತು ಅರ್ಧ ಎರಡೂ ಅಕ್ಕಪಕ್ಕ ಓಡಿಸಿ, ಕಟ್‌ಆಫ್ ಹೊಸದಾಗಿ ಹಾಕಿ, ಆಮೇಲೆ ಬಳಸಬೇಕು. ರಿಸರ್ಚ್ ನೋಡಿ ಕ್ಲಿನಿಕ್‌ನಲ್ಲಿ ಕಾಪಿ ಹೊಡೆಯುವವರು ಇದನ್ನು ಓದಲಿ ಅಂತ ಬರೆದೆ.


ಮಳೆ_ಮತ್ತು_ಇಡಿಸಿ:

ಎಲ್ಲರೂ ಕಿಟ್ ಹೇಗೆ ಒಡೆಯುವುದು ಅಂತಲೇ ಮಾತಾಡುತ್ತಿದ್ದೀರಿ. ಕಿಟ್ ಯಾಕೆ ಬೇಕು? ಬರೀ ಬೀಡ್ ಕೊಂಡು ನಾವೇ ಆಂಟಿಬಾಡಿ ಅಂಟಿಸಬಹುದಲ್ವಾ. ಕಾರ್ಬಾಕ್ಸಿಲ್ ಇರುವ ಮ್ಯಾಗ್ನೆಟಿಕ್ ಬೀಡ್ ಸ್ಟಾಕ್‌ನಲ್ಲಿ ಒಂದು ಮಿಲಿಲೀಟರ್‌ಗೆ 1.25 ಕೋಟಿ ಬೀಡ್ ಇರುತ್ತವೆ. ಹತ್ತು ಲಕ್ಷ ಬೀಡ್‌ಗೆ 5 ಮೈಕ್ರೋಗ್ರಾಂ ಆಂಟಿಬಾಡಿ ಸಾಕು. ವೆಲ್‌ಗೆ 2,500 ಅಂದರೆ ಆ ಹತ್ತು ಲಕ್ಷದಲ್ಲಿ 400 ವೆಲ್, ನಾಲ್ಕು ಪ್ಲೇಟ್ ದಾಟುತ್ತದೆ. ಅರ್ಧ ಹಾಕಿದರೆ ಎಂಟು. ಅಂಟಿಸಿದ ಬೀಡನ್ನು ಕತ್ತಲಲ್ಲಿ, ಫ್ರಿಜ್‌ನಲ್ಲಿ ಇಟ್ಟರೆ ತಿಂಗಳುಗಟ್ಟಲೆ ಹಾಳಾಗುವುದಿಲ್ಲ.

ಕಷ್ಟ ಎಲ್ಲಿ ಅಂದರೆ ಜೊತೆ ಆಂಟಿಬಾಡಿ ಹುಡುಕುವುದು. ಹಿಡಿಯಲು ಒಂದು, ತೋರಿಸಲು ಇನ್ನೊಂದು, ಎರಡೂ ಒಂದೇ ಜಾಗಕ್ಕೆ ಕಚ್ಚಬಾರದು. ಹತ್ತು ಸೈಟೋಕೈನ್ ಒಟ್ಟಿಗೆ ಹಾಕಿದಾಗ ಒಂದರ ಆಂಟಿಬಾಡಿ ಇನ್ನೊಂದರ ಬೀಡ್‌ಗೆ ಅಂಟಬಾರದು. ಇದನ್ನು ಪರೀಕ್ಷಿಸಲು ನನಗೆ ಏಳು ತಿಂಗಳು ಹಿಡಿಯಿತು, ಅದೂ ಬರೀ ಐದು ಸೈಟೋಕೈನ್‌ಗೆ. ಆದ್ದರಿಂದ ಈಗ ನಿಮಗೆ ಬೇಡ, ಮುಂದಿನ ವಿದ್ಯಾರ್ಥಿಗೆ ಹೇಳಿ.

ಮಾಡುವವರಿಗೆ ಒಂದು ಮಾತು. ಬೀಡ್‌ಗೆ ಪ್ರೋಟೀನ್ ಅಂಟಿಸುವ ಇಡಿಸಿ ಪುಡಿಗೆ ತೇವ ಆಗುವುದಿಲ್ಲ. ನಾನು ಮಂಗಳೂರಲ್ಲಿ ಜುಲೈ ತಿಂಗಳಲ್ಲಿ ಫ್ರೀಜರ್‌ನಿಂದ ತೆಗೆದ ತಕ್ಷಣ ಬಾಟಲಿ ಮುಚ್ಚಳ ಬಿಚ್ಚಿದೆ. ಎರಡನೇ ವಾರಕ್ಕೆ ಅದು ಮಳೆಗಾಲದ ಉಪ್ಪಿನ ಡಬ್ಬಿಯ ಹಾಗೆ ಗಟ್ಟಿ ಕಟ್ಟಿತ್ತು, ಆ ಬ್ಯಾಚಿನ ಬೀಡೆಲ್ಲಾ ಬೋಳು. 10 ಮಿಲಿಗ್ರಾಂ ಪುಟ್ಟ ಪುಟ್ಟ ಬಾಟಲಿ ಬರುತ್ತವೆ, ಒಮ್ಮೆ ತೆರೆದದ್ದನ್ನು ಅವತ್ತೇ ಮುಗಿಸಿ ಎಸೆಯಿರಿ. ತೆರೆಯುವ ಮುಂಚೆ ರೂಮಿನ ಬಿಸಿಗೆ ಬರಲು ಬಿಡಿ.

ಇನ್ನು ಮೆಷಿನ್ ದೂರ ಅನ್ನುವವರಿಗೆ: ನಿಮ್ಮ ಕಾಲೇಜಲ್ಲಿ ಸಾಮಾನ್ಯ ಫ್ಲೋ ಸೈಟೋಮೀಟರ್ (ಕೋಶಗಳ ಹೊಳಪನ್ನು ಒಂದೊಂದಾಗಿ ಓದುವ ಮೆಷಿನ್) ಇದ್ದರೆ ಅದರಲ್ಲೇ ಓದುವ ಬೀಡ್ ಕಿಟ್‌ಗಳೂ ಇವೆ. ಬಿ.ಡಿ. ಕಂಪನಿಯ ಸಿಬಿಎ, ಬಯೋಲೆಜೆಂಡ್‌ನ ಲೆಜೆಂಡ್‌ಪ್ಲೆಕ್ಸ್. ಲೆಜೆಂಡ್‌ಪ್ಲೆಕ್ಸ್‌ನಲ್ಲಿ ಬೀಡ್ ಎರಡು ಗಾತ್ರದ್ದು, ಗಾತ್ರ ನೋಡಿ ಗುಂಪು, ಗುಂಪಿನೊಳಗೆ ಬಣ್ಣದ ಗಾಢತೆ ನೋಡಿ ಹೆಸರು. ಅದರ ಪುಸ್ತಕದಲ್ಲೇ 25 ಮೈಕ್ರೋಲೀಟರ್ ಲೆಕ್ಕ ಇರುತ್ತದೆ, ಅಂದರೆ ಅರ್ಧ ಅವರೇ ಮಾಡಿಬಿಟ್ಟಿದ್ದಾರೆ. ಇನ್ನೂ ಅರ್ಧ ಮಾಡಲು ಹೋದರೆ ಕೈ ನಡುಗುವ ಲೆಕ್ಕ. ಮತ್ತೆ, ಎರಡೋ ಮೂರೋ ಸೈಟೋಕೈನ್ ಸಾಕು ಅನ್ನುವವರು ಬೀಡ್ ಕಡೆ ತಲೆ ಹಾಕುವುದೇ ಬೇಡ. ಎಲೈಸಾ ಮಾಡಿ ಮನೆಗೆ ಹೋಗಿ.


ಚಿಪ್ಪಿಗ:

ಮಧ್ಯ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಇಲ್ಯುಮಿನಾ ಬೀಡ್‌ಚಿಪ್ ಇದೆ, ಜೀನೋಟೈಪಿಂಗ್‌ಗೆ (ಡಿಎನ್‌ಎ ವ್ಯತ್ಯಾಸ ನೋಡಲು). ಒಂದು ಚಿಪ್‌ನಲ್ಲಿ 24 ಸ್ಯಾಂಪಲ್ ಜಾಗ. ನಮ್ಮ ಹತ್ತಿರ 15 ಮಾತ್ರ ಇವೆ. ಉಳಿದ 9 ಜಾಗ ಆಮೇಲೆ ಬಳಸಲು ಆಗುತ್ತಾ? ಒಬ್ಬರು ಚಿಪ್ ಕತ್ತರಿಸಿ ಅಂದರು, ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.


ಕಸಿ_ಲ್ಯಾಬ್:

ತಮಾಷೆ ಅಂದುಕೊಳ್ಳಿ. ಲ್ಯೂಮಿನೆಕ್ಸ್ ಬೀಡ್ ದ್ರವದಲ್ಲಿ ಬಿಡಿಬಿಡಿಯಾಗಿ ಇರುವಂಥದ್ದು, ಎಷ್ಟು ಬೇಕೋ ಅಷ್ಟು ಸುರಿಯಬಹುದು. ನಿಮ್ಮ ಬೀಡ್ ಚಿಪ್ ಮೇಲಿನ ಸಣ್ಣ ಸಣ್ಣ ಗುಳಿಯಲ್ಲಿ ಕೂತುಬಿಟ್ಟಿದೆ. ಯಾವ ಗುಳಿಗೆ ಯಾವ ಬೀಡ್ ಬಿತ್ತು ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ, ಬೀಡ್ ಚೆಲ್ಲಿದ ಮೇಲೆ ಫ್ಯಾಕ್ಟರಿಯಲ್ಲೇ ಒಂದೊಂದನ್ನೂ ಓದಿ ನಕ್ಷೆ ಮಾಡುತ್ತಾರೆ. ಆ ನಕ್ಷೆ ಇಡೀ ಚಿಪ್‌ನ ನಂಬರಿಗೆ ಅಂಟಿರುತ್ತದೆ. ಮತ್ತೆ ಬಣ್ಣ ಹಾಕುವಾಗ, ತೊಳೆಯುವಾಗ ಇಡೀ ಚಿಪ್ ಒಟ್ಟಿಗೆ ಮುಳುಗುತ್ತದೆ. ಖಾಲಿ ಜಾಗವೂ ಆ ರಾಸಾಯನಿಕ ಎಲ್ಲಾ ಕುಡಿದ ಮೇಲೆ ಎರಡನೇ ಸಲಕ್ಕೆ ಏನು ಉಳಿಯಿತು?

ಈ ಐಡಿಯಾ ಶುರುವಾದದ್ದೇ ಹಂಚುವುದರಿಂದ ಅನ್ನುವುದು ಚಂದದ ಸಂಗತಿ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಾಲ್ಟ್ ಅವರ ಗುಂಪು ಆಪ್ಟಿಕಲ್ ಫೈಬರ್ ಕಂತೆಯ ತುದಿಯನ್ನು ಆಸಿಡ್‌ನಲ್ಲಿ ಕೊರೆದು, ಪ್ರತಿ ಫೈಬರ್ ತುದಿಯಲ್ಲೂ ಒಂದೊಂದು ಗುಳಿ ಮಾಡಿ, ಅದರಲ್ಲಿ ಬೀಡ್ ಕೂರಿಸಿತು. 1998ರಲ್ಲಿ ಇಲ್ಯುಮಿನಾ ಕಂಪನಿ ಹುಟ್ಟಿದ್ದು ಅದೇ ತಂತ್ರದ ಮೇಲೆ. ಆಮೇಲೆ ಅವರು ಅಂಥ 96 ಕಂತೆಗಳನ್ನು 96 ವೆಲ್ ಪ್ಲೇಟ್‌ಗೆ ಸರಿಯಾಗಿ ಹೊಂದುವ ಹಾಗೆ ಜೋಡಿಸಿದರು. ಒಂದೊಂದು ಕಂತೆಯಲ್ಲಿ ಸುಮಾರು 50,000 ಫೈಬರ್, ಒಂದೊಂದು ಕಂತೆಗೆ ಒಂದೊಂದು ಸ್ಯಾಂಪಲ್. ಪ್ಲೇಟ್ ಮೇಲಿಂದ ಬಾಚಣಿಗೆ ಅದ್ದಿದ ಹಾಗೆ. ಅಂದರೆ ಒಡೆಯುವ ಕೆಲಸ ತಯಾರಿಸುವಾಗಲೇ ಆಗಿದೆ, ನಮ್ಮ ಕೈಯಲ್ಲಿ ಉಳಿದಿಲ್ಲ.

ನಿಮ್ಮ 9 ಜಾಗಕ್ಕೆ ಪಕ್ಕದ ಲ್ಯಾಬ್‌ನವರನ್ನು ಕರೆಯಿರಿ, ಖರ್ಚು ಹಂಚಿಕೊಳ್ಳಿ. ಅದೊಂದೇ ಸರಿಯಾದ ಉಳಿತಾಯ.


ಕರಾವಳಿ_ಲ್ಯಾಬ್:

ಪುಟ್ಟಿಯವರೇ, ಅರ್ಧ ವಾಲ್ಯೂಮ್ ಮಾಡುವುದಾದರೆ ಏನೆಲ್ಲಾ ಅರ್ಧ ಮಾಡಬಾರದು ಅಂತಲೂ ಹೇಳಿಬಿಡುತ್ತೇನೆ. ಮೊನ್ನೆ ಬರೆಯುವಾಗ ಬಿಟ್ಟುಹೋಯಿತು.

ಬೀಡ್, ಸೀರಮ್, ಡಿಟೆಕ್ಷನ್ (ತೋರಿಸುವ) ಆಂಟಿಬಾಡಿ, ಪಿಇ, ಇವು ಅರ್ಧ. ಪುಸ್ತಕದಲ್ಲಿ 50 ಇದ್ದಲ್ಲಿ 25, 25 ಇದ್ದಲ್ಲಿ 12.5. ತೊಳೆಯುವ ನೀರು ಅರ್ಧ ಮಾಡಬೇಡಿ, ಅದು ಪೂರ್ತಿಯೇ ಇರಲಿ. ಸಾಲದಿದ್ದರೆ ಪಿಬಿಎಸ್‌ಗೆ (ಉಪ್ಪಿನ ಬಫರ್) 0.05 ಶೇಕಡಾ ಟ್ವೀನ್-20 ಹಾಕಿ ಮಾಡಿಕೊಳ್ಳಿ. ಕೊನೆಗೆ ಬೀಡನ್ನು ತೇಲಿಸುವ ದ್ರವವೂ ಅರ್ಧ ಬೇಡ, 100 ಮೈಕ್ರೋಲೀಟರ್ ಇರಲಿ. ಅಲ್ಲಿ ಜುಗ್ಗತನ ಮಾಡಿದರೆ ಮೆಷಿನ್ ಸೂಜಿ ಗಾಳಿ ಎಳೆಯುತ್ತದೆ.

ಎರಡನೇ ಪ್ಲೇಟ್ ಕಿಟ್ ಜೊತೆ ಬಂದ ಬಗೆಯದ್ದೇ ಕೊಳ್ಳಿ. ತಳದ ಆಳ ಬೇರೆ ಆದರೆ ಸೂಜಿಯ ಎತ್ತರ ಮತ್ತೆ ಸೆಟ್ ಮಾಡಬೇಕು, ಅಲ್ಲಿಯ ಆಪರೇಟರ್ ಗೊಣಗುತ್ತಾರೆ. 25ರ ವಾಲ್ಯೂಮ್ ತಳದಲ್ಲಿ ತೆಳ್ಳಗೆ ಹರಡಿಕೊಂಡಿರುತ್ತದೆ, ನಿಧಾನಕ್ಕೆ ಅಲುಗಾಡಿಸಿದರೆ ಕದಡುವುದಿಲ್ಲ. ಶೇಕರ್ 800 ಆರ್‌ಪಿಎಂ ಸುತ್ತ ಇಡಿ, ಚೆಲ್ಲದ ಹಾಗೆ. ರಾತ್ರಿ ಇಡುವುದಾದರೆ ಸೀಲ್ ಬೆರಳಲ್ಲಿ ಒತ್ತಿ ಒತ್ತಿ ಅಂಟಿಸಿ, ಅಂಚಿನ ವೆಲ್ ಮೊದಲು ಒಣಗುತ್ತವೆ. ಮೇಲೆ ಅಲ್ಯೂಮಿನಿಯಂ ಫಾಯಿಲ್.

ಸೀರಮ್ ಕರಗಿದ ಮೇಲೆ 10,000 ಜಿ ಬಲದಲ್ಲಿ ಹತ್ತು ನಿಮಿಷ ಸ್ಪಿನ್ ಮಾಡಿ, ಮೇಲಿನದ್ದು ಮಾತ್ರ ತಗೊಳ್ಳಿ. ಇದನ್ನು ಬಿಟ್ಟವರ ಫೈಬ್ರಿನ್ ಎಳೆ ಸೂಜಿಯಲ್ಲಿ ಸಿಕ್ಕಿಹಾಕಿಕೊಂಡ ಕಥೆ ಪ್ರತಿ ಲ್ಯಾಬ್‌ನಲ್ಲೂ ಇದೆ.

ಹಿಂದಿನ ದಿನ ಒಂದು ಕೆಲಸ ಮಾಡಿ. ಹಳೇ ಪ್ಲೇಟ್ ತಗೊಂಡು, ನೀರಿಗೆ ತಿಂಡಿಯ ಬಣ್ಣ ಬೆರೆಸಿ, ಎರಡೂ ಪ್ಲೇಟ್ ಪೂರ್ತಿ 25, 25, 12.5, 25 ಹಾಕುತ್ತಾ ಹೋಗಿ. ಗಡಿಯಾರ ಇಟ್ಟುಕೊಳ್ಳಿ. ಎರಡು ಪ್ಲೇಟ್‌ಗೆ ನಿಮಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ, ಕಿಟ್ ತೆರೆದ ಮೇಲೆ ಅಲ್ಲ.


ಹಳೇ_ಟೆಕ್ನಿಷಿಯನ್:

ನಾನು ಇನ್ನೂ ಒಂದೊಂದೇ ವೆಲ್ ಅನ್ನುತ್ತೇನೆ. ಆದರೆ ಬಣ್ಣದ ನೀರಿನ ಮಾತು ಒಳ್ಳೆಯದು. ಆ ಬಣ್ಣದ ಪ್ಲೇಟನ್ನು ಎಲೈಸಾ ರೀಡರ್‌ನಲ್ಲಿ ಓದಿ, ಡೂಪ್ಲಿಕೇಟ್ ಎಷ್ಟು ಹತ್ತಿರ ಬಂತು ನೋಡಿ. ಹತ್ತಿರ ಬಂದರೆ ಅರ್ಧ ವಾಲ್ಯೂಮ್ ಮಾಡಿ, ಚೆಲ್ಲಾಪಿಲ್ಲಿ ಆದರೆ ನನ್ನ ಮಾತು ಕೇಳಿ. ಯಾವುದೇ ಮಾಡಿ, ಪೇಪರ್‌ನಲ್ಲಿ ಮುಚ್ಚಿಡಬೇಡಿ. ಅರ್ಧ ವಾಲ್ಯೂಮ್ ಅಂತ ಬರೆದರೆ ಯಾರೂ ತಲೆ ತೆಗೆಯುವುದಿಲ್ಲ.


ಪಿಪೆಟ್_ಪುಟ್ಟಿ:

ತಡವಾಗಿ ಬರೆಯುತ್ತಿದ್ದೇನೆ. ಆ ಹತ್ತು ಜನರ ರಕ್ತ ಬರಲು ಐದು ವಾರ ಹಿಡಿಯಿತು.

ಬಣ್ಣದ ನೀರು ಮೊದಲ ಸಲ ಕೆಟ್ಟದಾಗಿ ಬಂತು. 12.5 ಹಾಕುವಲ್ಲೇ ತೊಂದರೆ. ನಾನು ದೊಡ್ಡ ಪಿಪೆಟ್ ಬಳಸುತ್ತಿದ್ದೆ, ಅದರ ಕೆಳಗಿನ ಮಿತಿಯಲ್ಲಿ ಸರಿಯಾಗಿ ಎಳೆಯುತ್ತಿರಲಿಲ್ಲ. ಪಕ್ಕದ ಲ್ಯಾಬ್‌ನಿಂದ 20ರ ಪಿಪೆಟ್ ತಂದು ಮತ್ತೆ ಮಾಡಿದೆ, ಸರಿ ಹೋಯಿತು. ಎರಡು ಪ್ಲೇಟ್‌ಗೆ ಸ್ಯಾಂಪಲ್ ಹಾಕಲು 40 ನಿಮಿಷ ಬೇಕು ಅಂತಲೂ ಗೊತ್ತಾಯಿತು. ಅಷ್ಟು ಹೊತ್ತು ಮೊದಲ ಪ್ಲೇಟ್ ಕಾಯಬಾರದಲ್ಲ, ಅದಕ್ಕೆ ಎಲ್ಲಾ ಸ್ಯಾಂಪಲ್‌ಗಳನ್ನು ಬೇರೆ ಪ್ಲೇಟ್‌ನಲ್ಲಿ ಅದೇ ಕ್ರಮದಲ್ಲಿ ಜೋಡಿಸಿಟ್ಟು, ಎಂಟು ತುದಿಯ ಪಿಪೆಟ್‌ನಲ್ಲಿ ಒಟ್ಟಿಗೆ ದಾಟಿಸಿದೆ. ಎಂಟು ನಿಮಿಷಕ್ಕೆ ಇಳಿಯಿತು.

ನಿಜವಾದ ದಿನ ಬೀಡ್ ಎಣಿಕೆ ಎಲ್ಲಾ ಕಡೆ 100ರ ಮೇಲೆ ಬಂತು, ಎರಡನೇ ಪ್ಲೇಟ್‌ನ ಒಂದು ವೆಲ್ ಬಿಟ್ಟು. ಅದರಲ್ಲಿ 11. ತೊಳೆಯುವಾಗ ಪ್ಲೇಟ್ ಮ್ಯಾಗ್ನೆಟ್ ಮೇಲೆ ಸರಿಯಾಗಿ ಕೂರುವ ಮುಂಚೆಯೇ ಬೋರಲು ಹಾಕಿದ್ದೆ, ನನಗೇ ನೆನಪಿದೆ. ಅದರ ಜೊತೆ ವೆಲ್ ಚೆನ್ನಾಗಿದ್ದದ್ದರಿಂದ ಸ್ಯಾಂಪಲ್ ಉಳಿಯಿತು. ಟೆಕ್ನಿಷಿಯನ್ ಸರ್, ಒಂದೊಂದೇ ವೆಲ್ ಆಗಿದ್ದರೆ ಅದು ಹೋಗಿಯೇಬಿಡುತ್ತಿತ್ತು ಅಂತ ಗೌರವದಿಂದಲೇ ಹೇಳುತ್ತೇನೆ.

ಸೇತುವೆ ಸೀರಮ್ ಎರಡೂ ಪ್ಲೇಟ್‌ನಲ್ಲಿ ಹತ್ತಿರ ಬಂದಿವೆ, ಒಂದು ಸೈಟೋಕೈನ್ ಬಿಟ್ಟು. ಅದು ಎರಡೂ ಕಡೆ ಕರ್ವ್‌ನ ತಳದಲ್ಲೇ ಇತ್ತು, ಅಲ್ಲಿಯ ಅಂಕಿಯನ್ನು ನಂಬುವುದಿಲ್ಲ, ಪೇಪರ್‌ನಿಂದ ಬಿಡುತ್ತೇನೆ.

ಈಗ ಹೊಸ ಸಮಸ್ಯೆ. ಇದು ಆಯಿತು ಅಂತ ಗೊತ್ತಾದ ಮೇಲೆ ನಮ್ಮ ಗೈಡ್ "ಹಾಗಾದರೆ ಮುಂದಿನ ಕಿಟ್ ಕಾಲು ಭಾಗ ಮಾಡೋಣ" ಅನ್ನುತ್ತಿದ್ದಾರೆ.


ಕರಾವಳಿ_ಲ್ಯಾಬ್:

384 ವೆಲ್ ಪ್ಲೇಟ್, ಅದನ್ನು ಹಿಡಿಯುವ ಮ್ಯಾಗ್ನೆಟ್, ಅದನ್ನು ಓದುವ ಮೆಷಿನ್, ಮೂರೂ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಬೇಡ. ಆರೂಕಾಲು ಮೈಕ್ರೋಲೀಟರನ್ನು ಅವರೇ ಒಂದು ಪ್ಲೇಟ್ ಬಣ್ಣದ ನೀರಲ್ಲಿ ಹಾಕಿ ತೋರಿಸಲಿ.